ಪಕ್ಕದ ಜಾಗ

"ಮಿಸ್, ಇವತ್ತು ಸುಮಂಗಲ ಆಗೋ ಸರದಿ ನಂದು," ಎಂದಳು ನಸೀಮಾ, ತರಗತಿಯ ಹೊರಗೇ ನನ್ನನ್ನು ತಡೆದು.

ಸುಮಂಗಲ ದಸರಾ ರಜೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಎಲ್ಲರೊಡನೆ ಕೂಡಿ ಕಲಿಯಲೆಂದು ನಮ್ಮ ಶಾಲೆಗೆ ಸೇರಿಸಿದ್ದ, ಕಣ್ಣು ಕಾಣದ ತುಂಗಾಳ ಪಕ್ಕ ಕೂತು, ಬೋರ್ಡಿನಲ್ಲಿದ್ದುದನ್ನು ಕಿವಿಯಲ್ಲಿ ಪಿಸುಗುಟ್ಟುತ್ತಿದ್ದವಳು ಅವಳೊಬ್ಬಳೇ. "ಸತ್ತಿದ್ದು ಗೊತ್ತಾದ್ರೆ ನನ್ ಮಗಳು ಸ್ಕೂಲಿಗೇ ಬರಲ್ಲ, ಹೇಳ್ಬ್ಯಾಡಿ ಮೇಡಂ," ಎಂದು ತುಂಗಾಳ ತಾಯಿ ಕೈಮುಗಿದಿದ್ದರು. ಪಿಸುಮಾತಿನಲ್ಲಿ ಎಲ್ಲರ ದನಿಯೂ ಒಂದೇ ಅಲ್ಲವೇ ಎಂದುಕೊಂಡು ದಿನಕ್ಕೊಬ್ಬರು ಸುಮಂಗಲಳಾಗಿ ತುಂಗಾಳ ಪಕ್ಕ ಕೂರುವಂತೆ ಮಕ್ಕಳಿಗೆ ಈ ಸರದಿ ಹಚ್ಚಿದವಳು ನಾನೇ.

ಅಂದು ಪಾಠದ ಹೊತ್ತಿಗೆ ಹೆಡ್‌ಮಾಸ್ಟರು ನಸೀಮಾಳನ್ನು ಕರೆಸಿಕೊಂಡರು. ತುಂಗಾಳ ಪಕ್ಕ ಖಾಲಿ. ಬೋರ್ಡಿನ ಮೇಲೆ ಲೆಕ್ಕ ಬರೆದುಕೊಟ್ಟು, ಬಳೆ ಸದ್ದಾಗದಂತೆ ನಾನೇ ಹೋಗಿ ಕೂತೆ. "ಮೊದಲ್ನೇ ಲೆಕ್ಕ ಹೇಳ್ತೀನಿ, ಕೇಳೇ," ಎಂದು ಪಿಸುಗುಟ್ಟಿದೆ.

ತುಂಗಾ ನನ್ನತ್ತ ವಾಲಿ ಅಷ್ಟೇ ಮೆಲ್ಲಗೆ ಕೇಳಿದಳು: "ಮಿಸ್, ನೀವೂನಾ?"

"ಯಾವಾಗಿಂದ ಗೊತ್ತು ನಿಂಗೆ?"

"ಮೊದಲ್ನೇ ದಿನದಿಂದ. ಅವಳು ಹೋದ್ಲು ಅಂತ ನಮ್ಮ ಬೀದೀಲೆಲ್ಲ ಮಾತಾಡ್ಕೊಂತಿದ್ರು."

"ಅಯ್ಯೋ ಪುಟ್ಟಾ, ಹೇಳ್ಬಾರ್ದಿತ್ತಾ? ಇವತ್ತೇ ನಿಲ್ಲಿಸಿಬಿಡ್ತೀನಿ ಇದನ್ನ."

ಅವಳು ನನ್ನ ಸೆರಗು ಹಿಡಿದುಕೊಂಡಳು. "ಬ್ಯಾಡ ಮಿಸ್. ಸುಮಂಗಲ ಆಗೋಕೆ ಅಂದ್ರೆ ಎಲ್ಲಾರೂ ಬರ್ತಾರೆ. ಅವರವರಾಗೇ ಯಾರೂ ಯಾವತ್ತೂ ನನ್ನ ಪಕ್ಕ ಕೂತಿಲ್ಲ."

ಅಷ್ಟರಲ್ಲಿ ನಸೀಮಾ ಓಡಿಬಂದಳು. ನಾನು ಎದ್ದು ನಿಂತೆ. ತುಂಗಾ ಏನೂ ತಿಳಿಯದವಳಂತೆ ಸರಿದು, ಸತ್ತವಳಿಗೆ ಜಾಗ ಮಾಡಿಕೊಟ್ಟಳು.