ತಪ್ಪಬೇಕಿದ್ದ ಗುಂಡು

ಗುಂಡು ತಪ್ಪಲೇಬೇಕೆ? ಎರಡು ಆಟಿಕೆ ಪಿಸ್ತೂಲು ಹಿಡಿದು ಪರದೆಯ ಮರೆಯಲ್ಲಿ ನಿಂತಿದ್ದ ಭೀಮೇಶನ ತಲೆಯಲ್ಲಿ ಬೆಳಗಿನಿಂದ ಇದೊಂದೇ ಸುತ್ತುತ್ತಿತ್ತು. ಸಾವಿರದ ಎಂಟುನೂರ ನಲವತ್ತರಲ್ಲಿ ಲಂಡನ್ನಿನ ಹುಡುಗನೊಬ್ಬ ವಿಕ್ಟೋರಿಯಾ ರಾಣಿಗೆ ಎರಡು ಗುಂಡು ಹಾರಿಸಿದ್ದ, ಎರಡೂ ತಪ್ಪಿದ್ದವು. ಮಸ್ಕಿ ಕಾಲೇಜಿನ ವಾರ್ಷಿಕೋತ್ಸವದ ನಾಟಕದಲ್ಲೂ ತಪ್ಪಬೇಕು. ತಪ್ಪಿದರೆ ರಾಣಿ ಬದುಕುತ್ತಾಳೆ. ಬದುಕಿದರೆ ಮುಂದಿನ ದೃಶ್ಯದಲ್ಲಿ ಹಸಿದ ಐರ್ಲೆಂಡಿನ ಬಡ ಹೆಂಗಸೊಬ್ಬಳು ಬಂದು ಅವಳ ಕಾಲಿಗೆ ಬೀಳುತ್ತಾಳೆ. ಆ ಹೆಂಗಸು ಭೀಮೇಶನ ಅವ್ವ.

ಅವ್ವ ಗದ್ದೆಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವವಳು. "ನಿನಗ ಮೇಕಪ್ ಬೇಕಾಗಿಲ್ಲ ಬಿಡು," ಎಂದೇ ಇತಿಹಾಸದ ನರಸಣ್ಣ ಸರ್ ಅವಳನ್ನು ಆರಿಸಿದ್ದರು. ಪಾರ್ಟು ಅವಳಿಗೂ ಹಿಡಿಸಿತ್ತು. ಒಂದಕ್ಕೆ ಮಾತ್ರ ತಕರಾರು.

"ನಿಂತೇ ಕೇಳ್ತೀನ್ರಿ ಸರ. ಸಂತಿ ಮಂದಿ ಎಲ್ಲಾ ಬಂದಿರ್ತೈತಿ, ಕಾಲಿಗಿ ಬೀಳಾದು ಬ್ಯಾಡ್ರಿ."

"ಇತಿಹಾಸ ಬದಲ್ ಮಾಡಾಕ ಬರಂಗಿಲ್ಲ ಗದ್ದೆಮ್ಮ."

ಭೀಮೇಶ ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿದ್ದ. ಡಿಗ್ರಿ ಮುಗಿಸಿ ಅದೇ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಅವನಿಗೆ, ಮಾತಾಡುವುದಿಲ್ಲವೆಂದೇ ಈ ಮಾತಿಲ್ಲದ ಪಾರ್ಟು ಸಿಕ್ಕಿತ್ತು.

ಪರದೆ ಸರಿಯಿತು. ಇಶ್ತಿಯಾಕನ ಬಾಳೆಹಣ್ಣಿನ ತಳ್ಳುಗಾಡಿಗೆ ಜರಿ ಸೀರೆ ಸುತ್ತಿ ಸಾರೋಟು ಮಾಡಿ, ವೇದಿಕೆಯ ಇಳಿಜಾರಿನಲ್ಲಿ ಉರುಳದಂತೆ ಬೆಳಿಗ್ಗೆಯೇ ಗಾಲಿಗೆ ಇಟ್ಟಿಗೆ ಕೊಟ್ಟಿದ್ದರು. ಬಿ.ಎ. ಓದುವ ಗೊರೇಬಾಳದ ನಂದಿನಿ ರಟ್ಟಿನ ಕಿರೀಟ ತೊಟ್ಟು ಅದರ ಮೇಲೆ ರಾಣಿಯಾಗಿ ಕೂತಿದ್ದಳು. ಭೀಮೇಶ ಒಂದು ಪಿಸ್ತೂಲನ್ನು ಠಪ್ಪೆನ್ನಿಸಿದ. ಕಲಿಸಿದ್ದಂತೆ ನಂದಿನಿ ಬೆಚ್ಚಿ ಹಿಂದಕ್ಕೆ ವಾಲಿದಳು. ಗಾಡಿಗೆ ಯಾರೂ ಏನೂ ಕಲಿಸಿರಲಿಲ್ಲ, ಅದೂ ಹೊರಟಿತು. ಇಳಿಜಾರಿನಲ್ಲಿ ಓಡಿ, ಅರಮನೆಯೆಂದು ಪೇರಿಸಿದ್ದ ಹಾಸ್ಟೆಲಿನ ಗಾದಿಗಳಿಗೆ ಗುದ್ದಿತು. ಕಿರೀಟ ಒಂದು ಕಡೆ, ರಾಣಿ ಒಂದು ಕಡೆ.

"ಗಾಡಿ ಜೋಪಾನ್ರೀ," ಎಂದ ಮುಂದಿನ ಸಾಲಿನ ಇಶ್ತಿಯಾಕ್. ಅವನ ದನಿ ಸಿಳ್ಳೆಗಳಲ್ಲಿ ಮುಳುಗಿತು. ಬಿದ್ದ ರಾಣಿ ಸತ್ತಳೆಂದು ಮಂದಿಗೆ ಭಾರಿ ಖುಷಿಯಾಗಿತ್ತು. ಒನ್ಸ್ ಮೋರ್ ಎಂದು ಕೂಗತೊಡಗಿದರು.

"ಏಳವಾ ನಂದಿನಿ, ಗುಂಡು ತಪ್ಪೈತಿ," ಸರ್ ಮರೆಯಿಂದ ಪಿಸುಗುಟ್ಟಿದರು.

"ಏಳಂಗಿಲ್ರಿ ಸರ," ಎಂದಳು ರಾಣಿ, ಕಣ್ಣು ಮುಚ್ಚಿಕೊಂಡೇ. "ಇಷ್ಟು ಸಿಳ್ಳಿ ನನಗ ಎಂದೂ ಬಿದ್ದಿಲ್ಲ."

ಸರ್ ಬೆವರೊರೆಸಿಕೊಂಡು ಮೈಕು ಹಿಡಿದರು. "ರಾಣಿ ತೀರಿಕೊಂಡರು. ಮಕ್ಕಳಿಲ್ಲ. ಆದ್ದರಿಂದ ಜರ್ಮನಿಯ ಹ್ಯಾನೋವರಿನ ದೊರೆ, ಅವರ ಚಿಕ್ಕಪ್ಪ, ಪಟ್ಟಕ್ಕೆ ಬರುತ್ತಾನೆ. ಅವನನ್ನು ಕಂಡರೆ ಐರ್ಲೆಂಡಿನವರಿಗೆ ಆಗದು. ಅಲ್ಲಿ ದಂಗೆ ಏಳಬಹುದು."

"ಏಳ್ಲಿ ಬಿಡ್ರಿ," ಎಂದರು ಮಂದಿ.

ಸರ್ ಅವರ ಕಣ್ಣುಗಳು ಹೊಳೆದವು. ಮೂವತ್ತು ವರ್ಷ ಒಂದೇ ಪಾಠ ಹೇಳಿದ ಬಾಯಿಗೆ ಹೊಸ ರುಚಿ ಹತ್ತಿತ್ತು. ಐರ್ಲೆಂಡಿಗೆ ಎಂಬತ್ತು ವರ್ಷ ಮೊದಲೇ ಸ್ವಾತಂತ್ರ್ಯ ಕೊಟ್ಟುಬಿಟ್ಟರು.

"ಹಂಗಾದ್ರ ಐರ್ಲೆಂಡ್ ಎಲ್ಲೈತಿ, ತೋರಸ್ರಿ," ಎಂದು ಯಾರೋ ಕೂಗಿದರು.

ಇಡೀ ಐರ್ಲೆಂಡು ಆಲೂಗಡ್ಡೆಯ ಬುಟ್ಟಿ ಹಿಡಿದು ಪರದೆಯ ಹಿಂದೆ ನಿಂತಿತ್ತು. ಗದ್ದೆಮ್ಮ ಬಂದಳು. ಅಂಗಾತ ಬಿದ್ದಿದ್ದ ರಾಣಿಯನ್ನು ನೋಡಿದಳು, ರಾಣಿಯ ಕಾಲನ್ನೂ ನೋಡಿದಳು.

"ಆಲೂಗಡ್ಡಿ ಕೊಳೆತಾವ, ಉಣ್ಣಾಕಿಲ್ಲ ಅಂತ ಕೇಳಾಕ ಬಂದಿದ್ದೆ," ಎಂದಳು. "ಕೇಳಿಸ್ಕೊಳ್ಳಾಕಿನೇ ಹೋಗ್ಯಾಳ. ಇನ್ನ ಯಾರ ಕಾಲಿಗಿ ಬೀಳ್ಲಿ? ನಮ್ಮ ಹೊಲ ನಾವ ನೋಡ್ಕೋತೀವಿ."

ಬಿದ್ದಿದ್ದ ಕಿರೀಟವನ್ನೆತ್ತಿ ತಟ್ಟಿ ಚಪ್ಪಟೆ ಮಾಡಿದಳು. ಸಿಂಬಿಯಂತೆ ತಲೆಗಿಟ್ಟು, ಅದರ ಮೇಲೆ ಬುಟ್ಟಿ ಹೊತ್ತು, ನೆಟ್ಟಗೆ ನಡೆದು ಹೋದಳು.

"ಗಾಲಿಗಿ ಕೊಟ್ಟಿದ್ದ ಇಟ್ಟಂಗಿ ಎಲ್ಲಿ ಹೋತಲೇ?" ಎಂದು ಆಮೇಲೆ ಸರ್ ಎಲ್ಲರನ್ನೂ ಕೇಳಿದರು. ಭೀಮೇಶ ಹಾರಿಸದೆ ಉಳಿದಿದ್ದ ಎರಡನೇ ಪಿಸ್ತೂಲನ್ನು ನೋಡುತ್ತ ನಿಂತ. ಇಟ್ಟಿಗೆ ತೆಗೆದವನು ತಾನೇ ಎಂದು ಅವನು ಯಾರಿಗೂ ಹೇಳಲಿಲ್ಲ, ಅವ್ವನಿಗೂ.