ಕಂಪ್ಯೂಟರ್ ಉಳಿಸಿಕೊಂಡ ನೆನಪು

ಫಾರ್ಮ್ಯಾಟ್ ಮಾಡಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವ ಮುಂಚೆ ಹಳೆಯ ಕಂಪ್ಯೂಟರಿಗೆ ಒಂದೇ ಒಂದು ನೆನಪು ಉಳಿಸಿಕೊಳ್ಳಲು ಬಿಡುವುದು ಗದಗಿನಲ್ಲೂ ರೂಢಿಯಾಗಿತ್ತು. ಮನೆಯ ಪಡಸಾಲೆಯಲ್ಲೇ ಲಗ್ನಪತ್ರಿಕೆ ಅಚ್ಚುಹಾಕುವ ಅಂದಾನಪ್ಪ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡು, ತನ್ನ ಹದಿನಾರು ವರ್ಷದ ಕಂಪ್ಯೂಟರಿಗೆ ಕುಂಕುಮ ಹಚ್ಚಿದ.

ಹೆಂಡತಿ ಗುರುಬಸವ್ವ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ತನ್ನೊಡನೆ ನಾಲ್ಕು ಮಾತಾಡಲು ಬೇಸರಪಡುವ ಗಂಡ ಇದರ ಮುಂದೆ ದಿನವಿಡೀ ಹರಟುತ್ತಿದ್ದ. ಇವತ್ತಿಗೆ ಪೀಡೆ ತೊಲಗಿತು ಎಂದುಕೊಂಡಳು.

"ಹೇಳವಾ, ಯಾವ ನೆನಪು ಇಟ್ಕೋತಿ?" ಅಂದಾನಪ್ಪ ಪರದೆಯ ಧೂಳು ಒರೆಸುತ್ತ ಕೇಳಿದ.

ಇವನ ನೆನಪನ್ನೇ ಇಟ್ಟುಕೊಳ್ಳುತ್ತದೆ, ಇನ್ನೇನು! ಗುರುಬಸವ್ವ ಹಲ್ಲು ಕಚ್ಚಿದಳು.

"ಗುರುಬಸವ್ವಕ್ಕಾರು ನಿಮ್ಮನ್ನ ಊಟಕ್ಕ ಕರಿಯೋ ದನಿ," ಎಂದಿತು ಕಂಪ್ಯೂಟರ್.

"ಅದ್ಯಾಕ?"

"ಅದು ಕೇಳಿದ ಕೂಡ್ಲೇ ನನ್ನ ಮಾತು ಅರ್ಧಕ್ಕ ಬಿಟ್ಟು ಏಳ್ತಿದ್ರಿ. ಹದಿನಾರು ವರ್ಷ ಆ ದನಿ ಮ್ಯಾಲೆ ಹೊಟ್ಟಿ ಉರಕೊಂಡೀನಿ. ಹೆಂಗ ಮರೀಲಿ?"

ಗುರುಬಸವ್ವ ಸದ್ದಿಲ್ಲದೆ ಒಳಗೆ ಹೋದಳು. ರೊಟ್ಟಿ ಬಡಿದಾಯಿತು, ಪಲ್ಯ ಆರಿತು. ಪಡಸಾಲೆಯಲ್ಲಿ ಅವರಿಬ್ಬರ ಮಾತು ನಡೆದೇ ಇತ್ತು. ಮಧ್ಯಾಹ್ನ ಮೂರು ಹೊಡೆದರೂ ಅವಳು ಗಂಡನನ್ನು ಊಟಕ್ಕೆ ಕರೆಯಲಿಲ್ಲ.