ರಾಜರ ಶಾಲು

"ಆನೆ ತಲೆಕೆಳಗಾಗಿದೆ, ಕಣ್ಣಿಲ್ವೇನೆ ನಿಂಗೆ?" ಚನ್ನಿಗಪ್ಪ ತಟ್ಟೆಯನ್ನು ಆಚೆ ತಳ್ಳಿದ. "ದರ್ಬಾರಿನ ಚಿತ್ರ ಬೆನ್ನ ಮೇಲೆ ಬರಬೇಕು. ಅಂಬಾರಿ ಆನೆ ಎದೆ ಮೇಲೆ. ಮಹಾರಾಜರಿಗೆ ಹೀಗಾ ಹೊದಿಸೋದು?"

ಪುಟ್ಟತಾಯಮ್ಮ ಶಾಲು ತೆಗೆದು ಮತ್ತೆ ಹೊದಿಸಿದಳು. ನಾಟಕದ ಕಂಪನಿ ಮುಚ್ಚಿದಾಗ ಮನೆಗೆ ಬಂದ ಶಾಲು ಅದು. ಗಂಡನಿಗೆ ಮರೆವಿನ ಕಾಯಿಲೆ ಹತ್ತಿದ ಮೇಲೆ, ಅದನ್ನು ಹೊದಿಸಿ 'ಮಹಾಪ್ರಭು' ಎಂದು ಕರೆಯದಿದ್ದರೆ ಅವನು ತುತ್ತು ಮುಟ್ಟುತ್ತಿರಲಿಲ್ಲ.

"ಈಗ ಸರಿಯಾಯ್ತಾ? ಮುದ್ದೆ ಆರ್ತಿದೆ, ಉಣ್ಣಿ."

"ಮಹಾಪ್ರಭು ಅನ್ನು."

"ಅನ್ನಲ್ಲ. ಅಂದು ಅಂದು ನನ್ನ ಬಾಯಿ ಒಣಗಿದೆ."

"ದರ್ಬಾರಲ್ಲಿ ಎದುರು ಮಾತಾ?"

"ಯಾವ ದರ್ಬಾರು ರೀ? ನೀವು ಯಾವತ್ತು ರಾಜನ ಪಾರ್ಟು ಮಾಡಿದ್ರಿ? ಪರದೆ ಹಿಂದೆ ನಿಂತು ರಾಜನ ಪಾರ್ಟಿನವರಿಗೆ ಈ ಶಾಲು ಹೊದಿಸಿ ಕಳಿಸ್ತಿದ್ರಿ. ಅಷ್ಟೇ ನಿಮ್ಮ ಕೆಲಸ."

ಚನ್ನಿಗಪ್ಪ ಹೊದ್ದ ಶಾಲಿನ ಅಂಚನ್ನು ಮುಟ್ಟಿ ನೋಡಿಕೊಂಡ. ಎಷ್ಟೋ ದಿನದ ಮೇಲೆ ಅವನ ಕಣ್ಣು ತಿಳಿಯಾಗಿತ್ತು. ತನ್ನ ಗುರುತು ಹತ್ತಿತೇನೋ ಎಂದು ಅವಳು ಹತ್ತಿರ ಹೋದಳು.

ಅವನು ಎದ್ದು ನಿಂತ. ಶಾಲು ತೆಗೆದು, ಆನೆಯ ಚಿತ್ರ ಮೇಲ್ಗಡೆ ಕಾಣುವಂತೆ ಮಡಿಸಿ, ಅವಳ ಕೈಗಿಟ್ಟು ತಲೆಬಾಗಿದ.

"ತಪ್ಪಾಯ್ತು ತಾಯಿ. ಮೈಮರೆತು ನಾನೇ ಹೊದ್ಕೊಂಡುಬಿಟ್ಟಿದ್ದೆ. ನೀವು ಯಾರೋ ಗೊತ್ತಾಗಲಿಲ್ಲ, ಆದ್ರೂ ಒಂದು ಗಳಿಗೆ ಇದನ್ನ ಹಿಡ್ಕೊಂಡಿರಿ. ರಾಜರನ್ನ ಕರ್ಕೊಂಡು ಬರ್ತೀನಿ."

ಮಂಡಿನೋವಿನ ಪುಟ್ಟತಾಯಮ್ಮ ಶಾಲು ಹಿಡಿದೇ ಹೊಸ್ತಿಲಿಗೆ ಬರುವಷ್ಟರಲ್ಲಿ ಅವನು ಸಂತೆಬೀದಿಯ ಜನದಲ್ಲಿ ಸೇರಿಹೋಗಿದ್ದ. ಮತ್ತೆ ಬರಲಿಲ್ಲ.